ದೂರದ ಕೇಂದ್ರದ ಉಪಗ್ರಹ ನಿರ್ವಹಣಾ ಕೊಂಡಿ ಕೈಕೊಟ್ಟಾಗ: ದೋಷ ಪತ್ತೆಯ ಕೈಪಿಡಿ

ಗುಡ್ಡದ ನೆತ್ತಿಯಲ್ಲೋ ದ್ವೀಪದಲ್ಲೋ ಕಾಡಿನ ನಡುವೆಯೋ ನಿಂತಿರುವ ಮೈಕ್ರೋವೇವ್ ರಿಪೀಟರ್, ಮೊಬೈಲ್ ಟವರ್ ಮತ್ತು ರೇಡಿಯೊ ಕೇಂದ್ರಗಳಿಗೆ ಎರಡು ದಾರಿಗಳನ್ನು ಇಡುವುದು ಒಳ್ಳೆಯ ಪದ್ಧತಿ. ಬಳಕೆದಾರರ ದಟ್ಟಣೆ ಹರಿಯುವುದು ಮುಖ್ಯ ಕೊಂಡಿಯಲ್ಲಿ. ಆ ಕೊಂಡಿ ಬಿದ್ದಾಗಲೂ ಅಲ್ಲಿನ ರೂಟರ್, ರೇಡಿಯೊ, ರೆಕ್ಟಿಫೈಯರ್ (ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸುವ ಸಾಧನ) ಮತ್ತು ಬ್ಯಾಟರಿಗಳ ಸ್ಥಿತಿಯನ್ನು ಅರಿಯಲು, ಬೇಕಾದರೆ ಅವುಗಳಿಗೆ ಆಜ್ಞೆ ಕೊಡಲು, ಭೂಮಿಯ ಕೆಳ ಕಕ್ಷೆಯ ಉಪಗ್ರಹಗಳ ಮೂಲಕ ಹಾಯುವ ನಿರ್ವಹಣಾ ಕೊಂಡಿ ಇರುತ್ತದೆ. ಈ ಎರಡನೆಯ ಕೊಂಡಿ ಉತ್ತರಿಸದಿದ್ದಾಗ, ಅಥವಾ ಒಮ್ಮೆ ಉತ್ತರಿಸಿ ಇನ್ನೊಮ್ಮೆ ಸುಮ್ಮನಾದಾಗ, ದೋಷ ಎಲ್ಲಿದೆಯೆಂದು ಪತ್ತೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬಳಕೆಯಲ್ಲಿರುವ ಟರ್ಮಿನಲ್‌ಗಳು, ಅಂದರೆ ಕೇಂದ್ರದಲ್ಲಿದ್ದು ಉಪಗ್ರಹದೊಂದಿಗೆ ಮಾತಾಡುವ ಸಾಧನಗಳು, ಮುಖ್ಯವಾಗಿ ಎರಡು ಬಗೆಯವು, ಮತ್ತು ಅವುಗಳ ದೋಷಗಳ ಸ್ವಭಾವವೂ ಬೇರೆ ಬೇರೆ. ಮೊದಲನೆಯದು ಕಿರುಸಂದೇಶ ಕಳುಹಿಸುವ ಬಗೆ. ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ 6 ಕಕ್ಷಾತಲಗಳಲ್ಲಿ ತಲಾ 11ರಂತೆ 66 ಉಪಗ್ರಹಗಳನ್ನು ನಡೆಸುವ ಇರಿಡಿಯಂ ಇದಕ್ಕೆ ಪ್ರಮುಖ ಉದಾಹರಣೆ. ಇದು 1616ರಿಂದ 1626.5 ಮೆಗಾಹರ್ಟ್ಸ್‌ವರೆಗಿನ ಎಲ್ ಬ್ಯಾಂಡಿನಲ್ಲಿ ಕೆಲಸ ಮಾಡುತ್ತದೆ. ಎರಡನೆಯದು ಎಲ್ ಬ್ಯಾಂಡಿಗಿಂತ ಬಹಳ ಹೆಚ್ಚಿನ ಆವರ್ತನದ ಕೆಯು ಬ್ಯಾಂಡಿನ ಬ್ರಾಡ್‌ಬ್ಯಾಂಡ್ ಬಗೆ. ಸುಮಾರು 550 ಕಿಲೋಮೀಟರ್ ಎತ್ತರದ ಸ್ಟಾರ್‌ಲಿಂಕ್ ಮತ್ತು ಸುಮಾರು 1200 ಕಿಲೋಮೀಟರ್ ಎತ್ತರದ ಒನ್‌ವೆಬ್ ಈ ಗುಂಪಿಗೆ ಸೇರುತ್ತವೆ. ಒಂದಕ್ಕೆ ಅಂಗೈಗಿಂತ ಚಿಕ್ಕ ಆಂಟೆನಾ ಮತ್ತು ಅತ್ಯಲ್ಪ ವಿದ್ಯುತ್ ಸಾಕು, ಆದರೆ ಒಂದು ಸಲಕ್ಕೆ ಕೆಲವು ನೂರು ಬೈಟ್‌ಗಳಷ್ಟೇ ಹೋಗುತ್ತವೆ. ಇನ್ನೊಂದರಲ್ಲಿ ಪೂರ್ಣ ಲಾಗಿನ್ ಮಾಡಿ ಕೆಲಸ ಮಾಡಬಹುದು, ಆದರೆ ಅದು ಕೇಂದ್ರದ ಬ್ಯಾಟರಿಯ ಮೇಲೆ ನಿಜವಾದ ಭಾರ ಹಾಕುತ್ತದೆ.

ಮುಂದಿನದೆಲ್ಲವೂ ಒಂದು ಮಾತಿನ ಮೇಲೆ ನಿಂತಿದೆ: ಟರ್ಮಿನಲನ್ನು ಮರುಚಾಲನೆ ಮಾಡುವ ಮೊದಲು ಸಾಕ್ಷ್ಯ ಸಂಗ್ರಹಿಸಬೇಕು. ಮರುಚಾಲನೆಯಿಂದ ಕೊಂಡಿ ತಾತ್ಕಾಲಿಕವಾಗಿ ಮರಳುವುದು ನಿಜ; ಆದರೆ ಅದರೊಂದಿಗೆ ಟರ್ಮಿನಲ್ಲಿನ ಎಣಿಕೆಗಳು, ಕೊನೆಯ ದೋಷ ಸಂಕೇತ, ಅಡೆತಡೆಗಳ ದಾಖಲೆ ಎಲ್ಲವೂ ಅಳಿಸಿಹೋಗಬಹುದು, ಮತ್ತು ಅದೇ ದೋಷ ಮುಂದೆ ಇನ್ನೂ ಕೆಟ್ಟ ಹೊತ್ತಿನಲ್ಲಿ ಮರಳಿ ಬರುತ್ತದೆ. ಉಪಗ್ರಹದ ಮೇಲೆ ಸಂಶಯ ಪಡುವುದು ಕೊನೆಯಲ್ಲಿರಲಿ. ಇಂತಹ ದೋಷಗಳಲ್ಲಿ ಬಹುಪಾಲು ನೆಲದ ಮೇಲೆಯೇ, ಅದರಲ್ಲೂ ನಮ್ಮದೇ ವಿದ್ಯುತ್ ಪೂರೈಕೆ, ಕೇಬಲ್ ಮತ್ತು ರೂಟರ್ ಸಂರಚನೆಯಲ್ಲಿ ಇರುತ್ತವೆ.

ಬಿದ್ದಿರುವುದು ಯಾವ ದಾರಿ

ಮೊದಲ ಪ್ರಶ್ನೆ: ಕೇಂದ್ರದ ಸೇವೆ ನಡೆಯುತ್ತಿದೆಯೇ? ನಿರ್ವಹಣಾ ಕೊಂಡಿ ಮೌನವಾಗಿದೆ ಎಂದ ಮಾತ್ರಕ್ಕೆ ಕೇಂದ್ರ ನಿಂತಿದೆ ಎಂದು ತಿಳಿಯಬಾರದು. 2022ರ ಫೆಬ್ರುವರಿ 24ರಂದು ಕೆಎ-ಸ್ಯಾಟ್ ಎಂಬ ಉಪಗ್ರಹ ಇಂಟರ್ನೆಟ್ ಜಾಲದ ಮೋಡೆಮ್‌ಗಳ ಮೇಲೆ ಸೈಬರ್ ದಾಳಿ ನಡೆದಾಗ ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರ ನಿಗಾ ಕಡಿದುಹೋಯಿತು; ಆದರೆ ಯಂತ್ರಗಳು ಸ್ವಯಂಚಾಲಿತವಾಗಿ ತಿರುಗುತ್ತಲೇ ಇದ್ದವು. ಅದು ಭೂಸ್ಥಿರ ಕಕ್ಷೆಯ ಉಪಗ್ರಹವಾದರೂ ತರ್ಕ ಇಲ್ಲಿಗೂ ಅನ್ವಯಿಸುತ್ತದೆ. ಸೇವೆ ಸರಿಯಾಗಿ ನಡೆಯುತ್ತಿದ್ದರೆ ಅವಸರ ಬೇಡ. ಮುಖ್ಯ ಕೊಂಡಿಯ ಮೂಲಕವೇ ಒಳಹೊಕ್ಕು ಉಪಗ್ರಹ ಟರ್ಮಿನಲನ್ನು ಒಳಗಿನಿಂದ ಪರೀಕ್ಷಿಸಬಹುದು, ಮತ್ತು ಹಾಗೆ ಮಾಡುವುದೇ ಎಲ್ಲಕ್ಕಿಂತ ಉತ್ತಮ.

ಎರಡೂ ಕೊಂಡಿಗಳು ಒಂದೇ ಕ್ಷಣಕ್ಕೆ ಬಿದ್ದಿದ್ದರೆ ಎರಡಕ್ಕೂ ಸಾಮಾನ್ಯವಾದ ಯಾವುದೋ ಒಂದು ಕೈಕೊಟ್ಟಿದೆ ಎಂದೇ ಅರ್ಥ. ಸಾಮಾನ್ಯವಾಗಿ ಅದು ವಿದ್ಯುತ್. ಆದರೆ ಕಣ್ಣಿಗೆ ಕಾಣದ ಇನ್ನೊಂದು ಅವಲಂಬನೆಯೂ ಇರುತ್ತದೆ. ಉಪಗ್ರಹ ಕೊಂಡಿ ಚೆನ್ನಾಗಿಯೇ ಇರುತ್ತದೆ. ಆದರೆ ರೂಟರಿನ ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಸರ್ವರ್, ಅಥವಾ ಪಾಸ್‌ವರ್ಡ್ ಪರಿಶೀಲಿಸುವ ದೃಢೀಕರಣ ಸರ್ವರ್, ಮುಖ್ಯ ಕೊಂಡಿಯ ಆಚೆ ಇರುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಬೆನ್ನೆಲುಬು ಜಾಲ ಬಿದ್ದು ಸೇವೆಗಳು ಸುಮಾರು 6 ಗಂಟೆ ನಿಂತಾಗ, ತನ್ನ ಪರ್ಯಾಯ ಪ್ರವೇಶದ ಜಾಲವೂ ಕೆಲಸ ಮಾಡದ ಕಾರಣ ಎಂಜಿನಿಯರುಗಳನ್ನು ದತ್ತಾಂಶ ಕೇಂದ್ರಗಳಿಗೇ ಕಳುಹಿಸಬೇಕಾಯಿತೆಂದು ಕಂಪನಿಯೇ ತಿಳಿಸಿತು. ಆದ್ದರಿಂದ ಮೊದಲು ಹೆಸರಿನ ಬದಲು ನೇರ ಐಪಿ ವಿಳಾಸವನ್ನು ಬಳಸಿ, ಆ ಸಾಧನದೊಳಗೇ ಇರುವ ಸ್ಥಳೀಯ ಖಾತೆಯಿಂದ ಲಾಗಿನ್ ಪ್ರಯತ್ನಿಸಬೇಕು. ಅದು ಯಶಸ್ವಿಯಾದರೆ ಉಪಗ್ರಹ ಕೊಂಡಿಯಲ್ಲಿ ದೋಷವಿಲ್ಲ; ಅವಲಂಬನೆಯನ್ನು ಬಿಡಿಸುವುದೇ ದುರಸ್ತಿ.

ನಿರ್ವಹಣಾ ಕೊಂಡಿ ಮಾತ್ರ ಬಿದ್ದಿದ್ದರೆ, ಅದೇ ಸೇವೆಯನ್ನು ಬಳಸುವ ಇತರ ಕೇಂದ್ರಗಳ ಸ್ಥಿತಿಯನ್ನು ಒಮ್ಮೆ ನೋಡಬೇಕು. ಜಾಲವೇ ಬೀಳುವುದು ಅಪರೂಪ, ಆದರೆ ಅಸಾಧ್ಯವೇನಲ್ಲ: 2025ರ ಜುಲೈ 24ರಂದು ಕೇಂದ್ರ ಜಾಲದ ಆಂತರಿಕ ತಂತ್ರಾಂಶ ವಿಫಲವಾಗಿ ಸ್ಟಾರ್‌ಲಿಂಕ್ ಸೇವೆ ಜಗತ್ತಿನಾದ್ಯಂತ ಸುಮಾರು ಎರಡೂವರೆ ಗಂಟೆ ನಿಂತಿತ್ತು. ನಿಯಂತ್ರಣ ಕೊಠಡಿಯ ಚಾವಣಿಯ ಮೇಲೆ ಅದೇ ಬಗೆಯ ಇನ್ನೊಂದು ಟರ್ಮಿನಲನ್ನು ಹೋಲಿಕೆಗೆಂದೇ ಇಟ್ಟುಕೊಳ್ಳುವುದು ಖರ್ಚಿನ ಮಾತಾದರೂ ನಾನು ಅದನ್ನು ಬಲವಾಗಿ ಸಲಹೆ ಮಾಡುತ್ತೇನೆ. ಚಾವಣಿಯ ಟರ್ಮಿನಲ್ ನಡೆಯುತ್ತಿದ್ದು ದೂರದ್ದು ಮಾತ್ರ ಬಿದ್ದಿದ್ದರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಚಂದಾ ಮುಗಿದಿದೆಯೇ, ದತ್ತಾಂಶದ ಮಿತಿ ದಾಟಿದೆಯೇ, ಟರ್ಮಿನಲನ್ನು ನೋಂದಾಯಿತ ಪ್ರದೇಶದಿಂದ ಬೇರೆಡೆಗೆ ಸಾಗಿಸಲಾಗಿದೆಯೇ ಎಂಬುದನ್ನೂ ಈ ಹಂತದಲ್ಲಿಯೇ ಸೇವಾದಾರರ ಖಾತೆಯಲ್ಲಿ ನೋಡಿಬಿಡಬೇಕು.

ಸ್ಥಗಿತದ ವೇಳೆಯನ್ನು ಓದುವುದು

ಆಗಾಗ ಕಡಿಯುವ ಕೊಂಡಿಯ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಸಾಕ್ಷ್ಯವೆಂದರೆ ಕಡಿತದ ಆರಂಭ ಮತ್ತು ಮುಕ್ತಾಯದ ಸಮಯ. ಕನಿಷ್ಠ ಎರಡು ಮೂರು ದಿನಗಳ ದಾಖಲೆಯನ್ನು ಸೆಕೆಂಡಿನ ಮಟ್ಟಕ್ಕೆ ಒಂದೇ ಗಡಿಯಾರದಲ್ಲಿ ಬರೆದಿಟ್ಟು, ಸಾಲಾಗಿ ನೋಡಿದರೆ ದೋಷದ ಕುಲ ಯಾವುದೆಂದು ತಿಳಿಯುತ್ತದೆ. ಈ ಹೆಜ್ಜೆಯನ್ನು ಅನೇಕರು ಬೇಸರವೆಂದು ಬಿಟ್ಟುಬಿಡುತ್ತಾರೆ. ಆದರೆ ಗುಡ್ಡ ಹತ್ತಿಳಿಯುವ ಶ್ರಮವನ್ನು ಇದಕ್ಕಿಂತ ಹೆಚ್ಚು ಉಳಿಸುವ ಹೆಜ್ಜೆ ಇನ್ನೊಂದಿಲ್ಲ.

ಕಡಿತವು ಪ್ರತಿದಿನ ಸರಿಸುಮಾರು ಒಂದೇ ಹೊತ್ತಿಗೆ, ಅದರಲ್ಲೂ ಸೂರ್ಯೋದಯಕ್ಕೆ ಮುನ್ನ ಬಂದರೆ, ಸೌರ ವಿದ್ಯುತ್ತಿನಿಂದ ನಡೆಯುವ ಕೇಂದ್ರದಲ್ಲಿ ಬ್ಯಾಟರಿ ಬರಿದಾಗುತ್ತಿದೆ ಎಂದು ಮೊದಲು ಶಂಕಿಸಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಬಂದರೆ ಟರ್ಮಿನಲ್ ಅಥವಾ ಅದರ ವಿದ್ಯುತ್ ಪರಿವರ್ತಕ ಅತಿಯಾಗಿ ಬಿಸಿಯಾಗುತ್ತಿರಬಹುದು. ಇಬ್ಬನಿ ಬೀಳುವ ಹೊತ್ತಿನಲ್ಲಿ ಶುರುವಾಗಿ ಬಿಸಿಲೇರಿದ ಮೇಲೆ ತಾನಾಗಿ ಸರಿಹೋಗುವ ದೋಷವು ಕನೆಕ್ಟರಿನೊಳಗೆ ತೇವ ಸೇರಿದೆ ಎಂಬುದರ ಸೂಚನೆ.

ಕಡಿತವು ಸುಮಾರು 9 ನಿಮಿಷಗಳಿಗೊಮ್ಮೆ ಮರುಕಳಿಸಿದರೆ ಅದು ಕಕ್ಷೆಯ ಲೆಕ್ಕ. ಇರಿಡಿಯಂ ಉಪಗ್ರಹ ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು 100 ನಿಮಿಷ ಬೇಕು; ಒಂದು ತಲದಲ್ಲಿ 11 ಉಪಗ್ರಹಗಳು ಸಮಾನ ಅಂತರದಲ್ಲಿರುವುದರಿಂದ ಒಂದರ ಹಿಂದೆ ಇನ್ನೊಂದು ಸುಮಾರು 9 ನಿಮಿಷಕ್ಕೆ ಬರುತ್ತದೆ. ಆಕಾಶದ ಒಂದು ಪಕ್ಕವನ್ನು ಗೋಪುರವೋ ಬಂಡೆಯೋ ಮರೆಮಾಡಿದ್ದರೆ, ಹಳೆಯ ಉಪಗ್ರಹ ಆ ಮರೆಗೆ ಸರಿದ ಬಳಿಕ ಹೊಸದು ಕಾಣಿಸಿಕೊಳ್ಳುವವರೆಗೆ ಅಂತರ ಉಂಟಾಗುತ್ತದೆ. ಭೂಮಿ ತಿರುಗಿದಂತೆ ಕಕ್ಷಾತಲ ಪಕ್ಕಕ್ಕೆ ಸರಿಯುವುದರಿಂದ ಈ ತಾಳ ದಿನದ ಕೆಲವು ಗಂಟೆ ಸ್ಪಷ್ಟವಾಗಿದ್ದು ಉಳಿದ ಹೊತ್ತು ಮಾಯವಾಗುವುದೂ ಉಂಟು. ಇದಕ್ಕೆ ಮದ್ದು ಆಂಟೆನಾವನ್ನು ಸ್ಥಳಾಂತರಿಸುವುದೊಂದೇ. ಮೋಡೆಮನ್ನು ಬದಲಿಸಿ ಪ್ರಯೋಜನವಿಲ್ಲ.

ಬ್ರಾಡ್‌ಬ್ಯಾಂಡ್ ಟರ್ಮಿನಲ್ಲಿನಲ್ಲಿ ಇನ್ನೊಂದು ತಾಳ ಕಾಣುತ್ತದೆ. ಸ್ಟಾರ್‌ಲಿಂಕ್ ಜಾಲವು ಯಾವ ಟರ್ಮಿನಲ್ ಯಾವ ಉಪಗ್ರಹದೊಂದಿಗೆ ಮಾತಾಡಬೇಕೆಂಬುದನ್ನು 15 ಸೆಕೆಂಡುಗಳಿಗೊಮ್ಮೆ ಮರುಹಂಚಿಕೆ ಮಾಡುತ್ತದೆ, ಮತ್ತು ಅಳತೆಗಳಲ್ಲಿ ಈ ಬದಲಾವಣೆ ಪ್ರತಿ ನಿಮಿಷದ 12, 27, 42 ಮತ್ತು 57ನೆಯ ಸೆಕೆಂಡಿನಲ್ಲಿ ಕಂಡುಬಂದಿದೆ. ಆ ಕ್ಷಣಗಳಲ್ಲಿ ವಿಳಂಬವು ಒಮ್ಮೆಲೇ ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಜಿಗಿಯುವುದು ಅಥವಾ ಒಂದೆರಡು ಪ್ಯಾಕೆಟ್ ಕಳೆದುಹೋಗುವುದು ದೋಷವಲ್ಲ. ಆದರೆ ಆ ಕೊಂಡಿಯ ಮೇಲೆ ಮಿಲಿಸೆಕೆಂಡುಗಳಲ್ಲಿ ಕಡಿತ ಗುರುತಿಸುವ ಬಿಎಫ್‌ಡಿಯಂತಹ ನಿಯಮವನ್ನು ಹೂಡಿದ್ದರೆ ಅದು ಇಲ್ಲದ ದೋಷವನ್ನು ಸಾರಿ ಮಾರ್ಗವನ್ನು ಪದೇ ಪದೇ ಬದಲಿಸುತ್ತದೆ. ಅಲ್ಲಿ ದುರಸ್ತಿ ಆಗಬೇಕಾದದ್ದು ಟೈಮರು. ನಿರ್ವಹಣಾ ಕೊಂಡಿಗೆ ಹತ್ತಾರು ಸೆಕೆಂಡುಗಳ ತಾಳ್ಮೆ ಧಾರಾಳವಾಗಿ ಸಾಕು.

ಯಾವ ತಾಳವೂ ಇಲ್ಲದೆ ಗಾಳಿ ಬೀಸಿದಾಗ ಕಡಿಯುವ ಕೊಂಡಿಯಲ್ಲಿ ಸಡಿಲವಾದ ಕಂಬವನ್ನೋ ಬಳುಕುವ ಕೇಬಲನ್ನೋ ಹುಡುಕಬೇಕು. ಮಳೆ ಜೋರಾದಾಗ ಕೆಯು ಬ್ಯಾಂಡಿನ ಕೊಂಡಿ ಕೆಲವು ನಿಮಿಷ ಕಡಿಯುವುದು ಸಹಜ. ಎಲ್ ಬ್ಯಾಂಡಿಗೆ ಮಳೆಯ ತಡೆ ನಗಣ್ಯ. ಆದ್ದರಿಂದ ಎಲ್ ಬ್ಯಾಂಡಿನ ಮೋಡೆಮ್ ಮಳೆಯಲ್ಲಿ ಕಡಿದರೆ ಕಾರಣ ಆಕಾಶದಲ್ಲಿಲ್ಲ, ಕನೆಕ್ಟರಿನೊಳಗೆ ಇಳಿದ ನೀರಿನಲ್ಲಿದೆ.

ವಿದ್ಯುತ್ತಿನ ಕಡೆ

ಕಿರುಸಂದೇಶದ ಮೋಡೆಮ್ ಸುಮ್ಮನಿದ್ದಾಗ ಅತ್ಯಲ್ಪ ವಿದ್ಯುತ್ ಸೆಳೆದು, ಪ್ರಸಾರ ಮಾಡುವಾಗ ಮಾತ್ರ ಹಲವು ಪಟ್ಟು ಹೆಚ್ಚು ಸೆಳೆಯುತ್ತದೆ. ಇರಿಡಿಯಂ ಪ್ರಸಾರವು 90 ಮಿಲಿಸೆಕೆಂಡಿನ ಚೌಕಟ್ಟಿನಲ್ಲಿ ಸುಮಾರು 8.3 ಮಿಲಿಸೆಕೆಂಡಿನ ಸಿಡಿತಗಳಾಗಿ ಹೊರಡುತ್ತದೆ. ಪೂರೈಕೆಯ ತಂತಿ ಸಣ್ಣದಾಗಿದ್ದರೆ ಅಥವಾ ಪರಿವರ್ತಕ ದುರ್ಬಲವಾಗಿದ್ದರೆ ಆ ಸಿಡಿತದ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಮೋಡೆಮ್ ತನ್ನಷ್ಟಕ್ಕೆ ಮರುಚಾಲನೆಗೊಳ್ಳುತ್ತದೆ. ಸಾಮಾನ್ಯ ಮೀಟರ್ ಸರಾಸರಿಯನ್ನಷ್ಟೇ ತೋರಿಸುವುದರಿಂದ ಈ ಕುಸಿತ ಅದರಲ್ಲಿ ಕಾಣುವುದಿಲ್ಲ. ಆಸಿಲೋಸ್ಕೋಪಿನಲ್ಲಿ, ಇಲ್ಲವೇ ಅಷ್ಟು ಕಿರಿದಾದ ಕುಸಿತವನ್ನು ಹಿಡಿಯಬಲ್ಲ ಕನಿಷ್ಠ ಮೌಲ್ಯ ದಾಖಲೆಯ ಮೀಟರಿನಲ್ಲಿ, ಮೋಡೆಮಿಗೆ ವಿದ್ಯುತ್ ಸೇರುವ ತುದಿಗಳ ಮೇಲೆಯೇ, ಸಂದೇಶ ಕಳುಹಿಸುವ ಹೊತ್ತಿನಲ್ಲಿಯೇ ಅಳೆಯಬೇಕು. ಸಂಕೇತಬಲ ಪೂರ್ಣವಾಗಿದ್ದೂ ಸಂದೇಶ ಕಳುಹಿಸುವಾಗಲೆಲ್ಲ ಮೋಡೆಮ್ ಮೌನವಾಗುತ್ತಿದ್ದರೆ ಆಂಟೆನಾದ ಗೊಡವೆಗೆ ಹೋಗುವ ಮೊದಲು ಈ ಪರೀಕ್ಷೆ ಮಾಡಬೇಕು.

ಬ್ರಾಡ್‌ಬ್ಯಾಂಡ್ ಟರ್ಮಿನಲ್ಲಿನ ಲೆಕ್ಕ ಬೇರೆ. ಅದು ಸರಾಸರಿ 75 ವ್ಯಾಟ್ ಸೆಳೆಯುತ್ತದೆ ಎಂದುಕೊಂಡರೆ ಒಂದು ದಿನಕ್ಕೆ 1,800 ವ್ಯಾಟ್-ಗಂಟೆ, ಅಂದರೆ 48 ವೋಲ್ಟಿನ ಬ್ಯಾಟರಿಯಿಂದ 37.5 ಆಂಪಿಯರ್-ಗಂಟೆ ಬೇಕು. ಸಣ್ಣ ಸೌರ ಕೇಂದ್ರಕ್ಕೆ ಇದು ಚಿಕ್ಕ ಮೊತ್ತವಲ್ಲ. ತಂತಿಯಲ್ಲಿ ಆಗುವ ನಷ್ಟವನ್ನೂ ಲೆಕ್ಕ ಹಾಕಬೇಕು: 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ 30 ಮೀಟರ್ ಹೋಗಿ 30 ಮೀಟರ್ ಬಂದರೆ ಅದರ ರೋಧ ಸುಮಾರು 1 ಓಮ್ ಆಗುತ್ತದೆ. 12 ವೋಲ್ಟಿನ ಪೂರೈಕೆಯಲ್ಲಿ 6 ಆಂಪಿಯರ್ ಹರಿದರೆ 6 ವೋಲ್ಟ್ ದಾರಿಯಲ್ಲಿಯೇ ಮುಗಿದು ಟರ್ಮಿನಲ್ಲಿಗೆ ಅರ್ಧ ಮಾತ್ರ ತಲುಪುತ್ತದೆ. ಅದೇ ತಂತಿಯಲ್ಲಿ 48 ವೋಲ್ಟನ್ನು ಒಯ್ದರೆ ಪ್ರವಾಹ ಒಂದೂವರೆ ಆಂಪಿಯರಿನ ಸುತ್ತ ಇದ್ದು ನಷ್ಟವೂ ಒಂದೂವರೆ ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಪರಿವರ್ತಕವನ್ನು ಟರ್ಮಿನಲ್ಲಿನ ಹತ್ತಿರ ಇಡಬೇಕೆನ್ನುವುದು ಈ ಕಾರಣಕ್ಕೆ.

ಇದಕ್ಕಿಂತ ಗಂಭೀರವಾದ ವಿನ್ಯಾಸ ದೋಷ ಇನ್ನೊಂದಿದೆ. ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಹೊರೆಗಳನ್ನು ಕಡಿತಗೊಳಿಸುವ ರಿಲೇಯ ಹಿಂದೆ, ಇತರ ಎಲ್ಲ ಹೊರೆಗಳ ಜೊತೆಗೆ, ಉಪಗ್ರಹ ಟರ್ಮಿನಲನ್ನೂ ಜೋಡಿಸಿರುತ್ತಾರೆ. ಆಗ ಕೇಂದ್ರದ ವಿದ್ಯುತ್ ಕುಸಿದು ನಿರ್ವಹಣಾ ಕೊಂಡಿ ಅತ್ಯಗತ್ಯವಾಗುವ ಕ್ಷಣದಲ್ಲಿಯೇ ಅದೂ ಆರಿಹೋಗುತ್ತದೆ, ಮತ್ತು ನಿಯಂತ್ರಣ ಕೊಠಡಿಗೆ ಕೊನೆಯ ಎಚ್ಚರಿಕೆಯೂ ತಲುಪುವುದಿಲ್ಲ. ಎರಡೂ ಕೊಂಡಿಗಳು ಒಟ್ಟಿಗೆ ಬಿದ್ದು, ಹಲವು ಗಂಟೆಗಳ ಬಳಿಕ ಒಟ್ಟಿಗೆ ಎದ್ದ ದಾಖಲೆ ಇದ್ದರೆ ವಿದ್ಯುತ್ ನಕ್ಷೆಯನ್ನು ತೆರೆದು ಈ ರಿಲೇಯ ಸ್ಥಾನವನ್ನು ನೋಡಬೇಕು. ಟರ್ಮಿನಲ್ ಮತ್ತು ಅದಕ್ಕೆ ಅಗತ್ಯವಾದ ರೂಟರ್ ಎರಡೂ ಕೊನೆಯಲ್ಲಿ ಕಡಿತಗೊಳ್ಳುವ ಆದ್ಯತೆಯ ಶಾಖೆಯಲ್ಲಿರಬೇಕು. ಟರ್ಮಿನಲ್ಲಿಗೆ ಮಾತ್ರ ಆದ್ಯತೆ ಕೊಟ್ಟು ರೂಟರನ್ನು ಮರೆತ ಕೇಂದ್ರದಲ್ಲಿ ಉಪಗ್ರಹದವರೆಗೆ ದಾರಿ ತೆರೆದಿದ್ದರೂ ಉತ್ತರಿಸಲು ಒಳಗೆ ಯಾವ ಸಾಧನವೂ ಎಚ್ಚರವಿರುವುದಿಲ್ಲ.

ಆಂಟೆನಾ, ಕೇಬಲ್ ಮತ್ತು ನೆರೆಯ ಟ್ರಾನ್ಸ್‌ಮಿಟರ್‌ಗಳು

ಭೂಸ್ಥಿರ ಉಪಗ್ರಹದ ತಟ್ಟೆಯನ್ನು ಒಂದು ದಿಕ್ಕಿಗೆ ಹೂಡಿದರೆ ಸಾಕು. ಕೆಳ ಕಕ್ಷೆಯ ಉಪಗ್ರಹಗಳಿಗೆ ಆಕಾಶದ ವಿಶಾಲ ಭಾಗವೇ ತೆರೆದಿರಬೇಕು. ಇರಿಡಿಯಂ ಸಂಪರ್ಕಕ್ಕೆ ದಿಗಂತದಿಂದ ಸುಮಾರು 8 ಡಿಗ್ರಿಗಿಂತ ಮೇಲಿನ ಆಕಾಶ ಎಲ್ಲ ದಿಕ್ಕಿನಲ್ಲೂ ಮುಕ್ತವಾಗಿರುವುದು ಆದರ್ಶ. ಆಂಟೆನಾವನ್ನು ಗೋಪುರದ ಬುಡದಲ್ಲಿ, ಉಕ್ಕಿನ ಕಂಬಗಳ ಮಧ್ಯೆ ಕೂರಿಸುವುದು ಅನುಕೂಲಕರವೆನಿಸಿದರೂ ಅದು ಆಕಾಶವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುತ್ತದೆ. ಬ್ರಾಡ್‌ಬ್ಯಾಂಡ್ ಟರ್ಮಿನಲ್ಲುಗಳು ಅಡೆತಡೆಯ ನಕ್ಷೆಯನ್ನು ತಾವೇ ಕೆಲವು ಗಂಟೆಗಳ ಅವಧಿಯಲ್ಲಿ ರಚಿಸಿಕೊಳ್ಳುತ್ತವೆ. ಅಳವಡಿಸಿದ ದಿನದ ನಕ್ಷೆಯನ್ನು ಉಳಿಸಿಟ್ಟುಕೊಂಡಿದ್ದರೆ, ಒಂದೆರಡು ಮಳೆಗಾಲದಲ್ಲಿ ಬೆಳೆದ ಮರದ ಕೊಂಬೆ ಎರಡು ನಕ್ಷೆಗಳ ಹೋಲಿಕೆಯಲ್ಲಿಯೇ ಕಾಣಿಸುತ್ತದೆ.

ಕೇಬಲ್ಲಿನ ನಷ್ಟ 3 ಡೆಸಿಬೆಲ್ ಎಂದರೆ ಅರ್ಧ ಶಕ್ತಿ ಕೇಬಲ್ಲಿನಲ್ಲೇ ಉಳಿಯಿತೆಂದು ಅರ್ಥ. ತಯಾರಕರು ಹೇಳಿದ ಮಿತಿಗಿಂತ ಉದ್ದವಾದ, ತೆಳ್ಳನೆಯ ಕೇಬಲ್ ಹಾಕಿದ ಕಡೆ ಮೋಡೆಮ್ ಉಪಗ್ರಹವನ್ನು ಕೇಳಿಸಿಕೊಂಡರೂ ಉಪಗ್ರಹಕ್ಕೆ ಮೋಡೆಮ್ ಕೇಳಿಸದೇ ಹೋಗಬಹುದು. ಕನೆಕ್ಟರನ್ನು ಬಿಚ್ಚಿದಾಗ ಹಸಿರು ಬಣ್ಣದ ಕಿಲುಬು ಕಂಡರೆ ಅದನ್ನು ಒರೆಸಿ ಮರಳಿ ಜೋಡಿಸುವುದು ದುರಸ್ತಿಯಲ್ಲ. ನೀರು ಹೆಣಿಗೆಯ ತಂತಿಯ ಉದ್ದಕ್ಕೂ ಒಳಗೆ ಸಾಗಿರುವ ಸಾಧ್ಯತೆ ಹೆಚ್ಚು. ಕೇಬಲನ್ನೇ ಬದಲಿಸಿ, ಜೋಡಣೆಗೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಪಟ್ಟಿ ಸುತ್ತಿ, ಒಳಪ್ರವೇಶಕ್ಕೆ ಮುನ್ನ ಕೇಬಲನ್ನು ಕೆಳಕ್ಕೆ ಬಾಗಿಸಿ ನೀರು ಅಲ್ಲಿಂದ ತೊಟ್ಟಿಕ್ಕುವಂತೆ ಮಾಡಬೇಕು.

ರೇಡಿಯೊ ಕೇಂದ್ರಗಳಿಗೇ ವಿಶಿಷ್ಟವಾದ ಒಂದು ದೋಷವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಗೋಪುರದಲ್ಲಿರುವ ಇತರ ಟ್ರಾನ್ಸ್‌ಮಿಟರ್‌ಗಳ ಹಾರ್ಮೋನಿಕ್ ಅಲೆಗಳು (ಮೂಲ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನಲ್ಲಿ ಸೋರುವ ಅಲೆಗಳು) ಎಲ್ ಬ್ಯಾಂಡಿನ ಮೇಲೆ ಬೀಳಬಹುದು. 404ರಿಂದ 406.6 ಮೆಗಾಹರ್ಟ್ಸ್ ನಡುವಿನ ಪ್ರಸಾರದ ನಾಲ್ಕನೆಯ ಹಾರ್ಮೋನಿಕ್, 808ರಿಂದ 813 ಮೆಗಾಹರ್ಟ್ಸ್ ನಡುವಿನ ಪ್ರಸಾರದ ಎರಡನೆಯ ಹಾರ್ಮೋನಿಕ್, ಎರಡೂ ನೇರವಾಗಿ 1616ರಿಂದ 1626.5ರ ಪಟ್ಟಿಯೊಳಗೆ ಬರುತ್ತವೆ. ಇರಿಡಿಯಂ ಒಂದೇ ಪಟ್ಟಿಯನ್ನು ಕಳುಹಿಸಲೂ ಕೇಳಲೂ ಬಳಸುವುದರಿಂದ ಮೋಡೆಮಿನ ಕಿವಿ ಈ ಗದ್ದಲಕ್ಕೆ ತೆರೆದೇ ಇರುತ್ತದೆ. ಪರೀಕ್ಷೆ ಸರಳ: ಸಂಶಯದ ಟ್ರಾನ್ಸ್‌ಮಿಟರನ್ನು ಅನುಮತಿ ಪಡೆದು ಕಾಲು ಗಂಟೆಯಾದರೂ ನಿಲ್ಲಿಸಿ, ಸಂಕೇತಬಲದ ಓದುಗಳನ್ನು ನಿಲ್ಲಿಸುವ ಮುನ್ನ ಮತ್ತು ಅನಂತರ ಹೋಲಿಸಬೇಕು. ಒಂದೊಂದು ಓದು ಉಪಗ್ರಹದ ಸ್ಥಾನಕ್ಕೆ ತಕ್ಕಂತೆ ಏರಿಳಿಯುವುದರಿಂದ ಒಂದು ಓದಿನಿಂದ ತೀರ್ಮಾನಿಸದೆ, ಎರಡೂ ಸ್ಥಿತಿಯಲ್ಲಿ ಕನಿಷ್ಠ ಕಾಲು ಗಂಟೆಯ ಓದುಗಳನ್ನು ತೆಗೆದುಕೊಳ್ಳಬೇಕು.

ಮೋಡೆಮ್ ಕೊಡುವ ಸಂಕೇತಗಳು ಮತ್ತು ಸರದಿಯಲ್ಲಿ ನಿಂತ ಆಜ್ಞೆಗಳು

ಇರಿಡಿಯಂ ಕಿರುಸಂದೇಶದ ಮೋಡೆಮ್ ತನ್ನ ಪಾಡನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಅದರ ಉತ್ತರವನ್ನು ದಾಖಲಿಸುವಂತೆ ಕೇಂದ್ರದ ನಿಯಂತ್ರಕವನ್ನು ಮೊದಲೇ ಸಿದ್ಧಪಡಿಸಿರಬೇಕು. ಎಟಿ+ಸಿಎಸ್‌ಕ್ಯೂ ಆಜ್ಞೆ 0ರಿಂದ 5ರವರೆಗೆ ಸಂಕೇತಬಲವನ್ನು ಕೊಡುತ್ತದೆ. ಎಟಿ+ಎಸ್‌ಬಿಡಿಐಎಕ್ಸ್ ಆಜ್ಞೆಯ ಉತ್ತರದ ಮೊದಲ ಅಂಕಿ ಹೊರಹೋಗುವ ಸಂದೇಶದ ಗತಿಯನ್ನು ತಿಳಿಸುತ್ತದೆ. 0ರಿಂದ 4ರವರೆಗಿನ ಅಂಕಿ ಯಶಸ್ಸು. 32 ಬಂದರೆ ಮೋಡೆಮ್ಮಿಗೆ ಜಾಲವೇ ಕಾಣುತ್ತಿಲ್ಲ. ಆಂಟೆನಾ, ಕೇಬಲ್ ಮತ್ತು ಆಕಾಶವನ್ನು ನೋಡಬೇಕು. 18 ಬಂದರೆ ಮಾತು ಆರಂಭವಾಗಿ ನಡುವೆ ಕಡಿದಿದೆ. ಭಾಗಶಃ ಮರೆಯೋ ಅಡಚಣೆಯ ಅಲೆಯೋ ಇರಬೇಕು. 15 ಬಂದರೆ ಪ್ರವೇಶ ನಿರಾಕರಿಸಲಾಗಿದೆ ಎಂದರ್ಥ. ಮೊದಲು ಚಂದಾ ಮತ್ತು ನೋಂದಣಿಯನ್ನು ವಿಚಾರಿಸಬೇಕು. ಒಂದೊಂದು ವಿಫಲತೆಗೆ ಬೆಚ್ಚಬೇಕಿಲ್ಲ, ಒಂದೇ ಸಂಕೇತ ಮತ್ತೆ ಮತ್ತೆ ಬರುವುದು ಮುಖ್ಯ.

ಕೇಂದ್ರಕ್ಕೆ ಕಳುಹಿಸಿದ ಆಜ್ಞೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮೋಡೆಮ್ ಮಾತಿಗೆ ಬಾರದಿದ್ದಾಗ ಆಜ್ಞೆ ನಾಶವಾಗದೆ ಸೇವಾದಾರರ ಗೇಟ್‌ವೇಯಲ್ಲಿ ಸರದಿಯಲ್ಲಿ ಕಾಯುತ್ತದೆ. ಉತ್ತರ ಬರಲಿಲ್ಲವೆಂದು ರೂಟರನ್ನು ಮರುಚಾಲನೆ ಮಾಡುವ ಆಜ್ಞೆಯನ್ನು ಮತ್ತೆ ಮತ್ತೆ ಕಳುಹಿಸಿದರೆ, ಮೋಡೆಮ್ ಎಚ್ಚರವಾದಾಗ ಅವೆಲ್ಲವೂ ಒಂದರ ಹಿಂದೊಂದು ಇಳಿದು, ಆ ಹೊತ್ತಿಗೆ ಸರಿಯಾಗಿ ನಡೆಯುತ್ತಿರುವ ರೂಟರನ್ನು ಸರಣಿಯಾಗಿ ಉರುಳಿಸುತ್ತವೆ. ಹೊರಗಿನಿಂದ ನೋಡುವವರಿಗೆ ಇದು ಯಂತ್ರದ ದೋಷದಂತೆಯೇ ಕಾಣುತ್ತದೆ. ಎಸ್‌ಬಿಡಿಐಎಕ್ಸ್ ಉತ್ತರದ ಕೊನೆಯ ಅಂಕಿ ಸರದಿಯಲ್ಲಿ ಉಳಿದ ಸಂದೇಶಗಳ ಎಣಿಕೆ; ಅದನ್ನು ನೋಡದೆ ಆಜ್ಞೆಯನ್ನು ಪುನಃ ಕಳುಹಿಸಬಾರದು. ಪ್ರತಿ ಆಜ್ಞೆಯಲ್ಲೂ ಕ್ರಮಸಂಖ್ಯೆ ಮತ್ತು ಅದು ಅಸಿಂಧುವಾಗುವ ಸಮಯವನ್ನು ಸೇರಿಸಿ, ಅವಧಿ ಮೀರಿದ ಆಜ್ಞೆಯನ್ನು ನಿಯಂತ್ರಕ ತಿರಸ್ಕರಿಸುವಂತೆ ಮಾಡುವುದು ಶಾಶ್ವತ ಪರಿಹಾರ. ಇರಿಡಿಯಂ 9602 ಮೋಡೆಮಿನಲ್ಲಿ ಹೊರಹೋಗುವ ಸಂದೇಶಕ್ಕೆ 340 ಬೈಟ್ ಮತ್ತು ಒಳಬರುವ ಸಂದೇಶಕ್ಕೆ 270 ಬೈಟ್ ಮಿತಿ ಇದ್ದರೂ ಈ ಎರಡು ಅಂಶಗಳಿಗೆ ಬೇಕಾದ ಜಾಗ ಹತ್ತು ಬೈಟಿನ ಆಸುಪಾಸಿನದು.

ಕೊಂಡಿ ಇದೆ, ಲಾಗಿನ್ ಆಗುತ್ತಿಲ್ಲ

ಟರ್ಮಿನಲ್ ಆನ್‌ಲೈನ್ ಎಂದು ಸೇವಾದಾರರ ಪುಟ ತೋರಿಸುತ್ತದೆ, ಆದರೆ ಕೇಂದ್ರ ಉತ್ತರಿಸುವುದಿಲ್ಲ. ಇಲ್ಲಿ ಮೊದಲು ಟರ್ಮಿನಲ್ಲಿಗೆ ದೊರೆತ ವಿಳಾಸವನ್ನು ನೋಡಬೇಕು. ಅದು 100.64.0.0ರಿಂದ 100.127.255.255ರ ನಡುವೆ ಇದ್ದರೆ ಸೇವಾದಾರರು ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿದ್ದಾರೆ ಎಂದು ಅರ್ಥ, ಮತ್ತು ಹೊರಗಿನಿಂದ ಆ ಕೇಂದ್ರಕ್ಕೆ ನೇರವಾಗಿ ಸಂಪರ್ಕ ಆರಂಭಿಸಲಾಗದು. ಸುರಂಗವನ್ನು, ಅಂದರೆ ಸಾರ್ವಜನಿಕ ಜಾಲದೊಳಗೆ ಹಾಯುವ ಖಾಸಗಿ ಸಂಪರ್ಕವನ್ನು (ವಿಪಿಎನ್), ಕೇಂದ್ರವೇ ತೆರೆದು ಹೊರಗೆ ಬರಬೇಕು. ಸುರಂಗ ತೆರೆದಾಗ ಸರಿಯಿದ್ದು ಸ್ವಲ್ಪ ಹೊತ್ತು ಸುಮ್ಮನಿದ್ದ ಬಳಿಕ ಸತ್ತರೆ ನಡುವಿನ ವಿಳಾಸ ಪರಿವರ್ತಕ ಅದನ್ನು ಮರೆತಿದೆ; ವೈರ್‌ಗಾರ್ಡ್ ಎಂಬ ಸುರಂಗ ತಂತ್ರಾಂಶದಲ್ಲಿ 25 ಸೆಕೆಂಡಿಗೊಮ್ಮೆ ಜೀವಸೂಚಕ ಪ್ಯಾಕೆಟ್ ಕಳುಹಿಸುವ ಸಂರಚನೆ ಈ ಕಾರಣಕ್ಕೇ ಬಳಕೆಯಲ್ಲಿದೆ.

ಪಿಂಗ್‌ಗೆ (ಸಾಧನ ಎಚ್ಚರವಿದೆಯೇ ಎಂದು ಕೇಳುವ ಪ್ಯಾಕೆಟ್) ಉತ್ತರ ಬರುತ್ತದೆ, ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಆರಂಭವಾಗುತ್ತದೆ, ಆದರೆ ಕೀಲಿ ವಿನಿಮಯದಲ್ಲಿ ಅಥವಾ ದೊಡ್ಡ ಸಂರಚನೆಯನ್ನು ತೆರೆದ ಕೂಡಲೇ ಪರದೆ ಹೆಪ್ಪುಗಟ್ಟುತ್ತದೆ ಎಂದಾದರೆ ಪ್ಯಾಕೆಟ್ಟಿನ ಗಾತ್ರದ ಕಡೆ ನೋಡಬೇಕು. ಸುರಂಗದ ಹೊದಿಕೆ ಜಾಗ ತಿನ್ನುವುದರಿಂದ 1500 ಬೈಟಿನ ಪ್ಯಾಕೆಟ್ ಅದರೊಳಗೆ ಹಿಡಿಸುವುದಿಲ್ಲ. ಅದನ್ನು ತಿಳಿಸುವ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ತಡೆದರೆ ದೊಡ್ಡ ಪ್ಯಾಕೆಟ್ಟುಗಳು ಸದ್ದಿಲ್ಲದೆ ಮಾಯವಾಗುತ್ತವೆ. ತುಂಡರಿಸಬಾರದೆಂಬ ಗುರುತಿನೊಂದಿಗೆ ಪಿಂಗ್ ಗಾತ್ರವನ್ನು 1472ರಿಂದ ಇಳಿಸುತ್ತ ಹೋಗಿ ಯಾವ ಗಾತ್ರದಲ್ಲಿ ಉತ್ತರ ಬರುತ್ತದೆಂದು ನೋಡಿ, ಅದಕ್ಕೆ ಪ್ಯಾಕೆಟ್ಟಿನ ಶೀರ್ಷಿಕೆಗಳ 28 ಬೈಟ್ ಸೇರಿಸಿದರೆ ದಾರಿಯ ನಿಜವಾದ ಮಿತಿ ಸಿಗುತ್ತದೆ. ಸುರಂಗದ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಮತ್ತು ಟಿಸಿಪಿಯ ಎಂಎಸ್‌ಎಸ್ (ಅದರೊಳಗಿನ ದತ್ತಾಂಶದ ಗರಿಷ್ಠ ಗಾತ್ರ) ಎರಡನ್ನೂ ಅದಕ್ಕೆ ಹೊಂದಿಸಬೇಕು.

ವಿದ್ಯುತ್ ಹೋಗಿ ಬಂದ ಕೂಡಲೇ ಲಾಗಿನ್ ನಿಂತಿದ್ದರೆ ಗಡಿಯಾರವನ್ನು ಸಂಶಯಿಸಬೇಕು. ಒಳಗಿನ ನಾಣ್ಯ ಬ್ಯಾಟರಿ ಸತ್ತ ರೂಟರ್ ಎದ್ದಾಗ 1970ರಲ್ಲಿದೆ ಎಂದುಕೊಳ್ಳಬಹುದು. ಆಗ ಎದುರಿನವರ ಗುರುತನ್ನು ಖಚಿತಪಡಿಸುವ ಡಿಜಿಟಲ್ ಪ್ರಮಾಣಪತ್ರಗಳು ಇನ್ನೂ ಜಾರಿಗೆ ಬಂದಿಲ್ಲವೆಂದು ಅದು ಸುರಂಗವನ್ನು ನಿರಾಕರಿಸುತ್ತದೆ. ಸಮಯ ಸರಿಪಡಿಸುವ ಸರ್ವರ್ ಆ ಸುರಂಗದ ಆಚೆಯೇ ಇದ್ದರೆ ಬಿಡುಗಡೆಯೇ ಇಲ್ಲ. ಸಾಧನಗಳ ನಿಗಾಕ್ಕೆ ಬಳಸುವ ಎಸ್‌ಎನ್‌ಎಂಪಿ ನಿಯಮಾವಳಿಯ 3ನೆಯ ಆವೃತ್ತಿಯೂ ಎರಡು ಕಡೆಯ ಸಮಯದ ಎಣಿಕೆಯಲ್ಲಿ 150 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಂದೇಶವನ್ನು ತಿರಸ್ಕರಿಸುತ್ತದೆ. ಸಮಯವನ್ನು ಸುರಂಗದ ಹೊರಗಿನಿಂದ, ಸಾಧ್ಯವಾದರೆ ಕೇಂದ್ರದಲ್ಲೇ ಇರುವ ಜಿಪಿಎಸ್ ಗ್ರಾಹಕದಿಂದ ಪಡೆಯುವಂತೆ ಮಾಡಬೇಕು. ಆ ಗ್ರಾಹಕ ತೀರ ಹಳೆಯದಾಗಿದ್ದು ದಿನಾಂಕವನ್ನು ಸುಮಾರು 19 ವರ್ಷ 7 ತಿಂಗಳು ಹಿಂದೆ ತೋರಿಸಿದರೆ ಅದು ಜಿಪಿಎಸ್ ವಾರಗಳ ಎಣಿಕೆ 1,024ಕ್ಕೆ ತಲುಪಿ ಸೊನ್ನೆಗೆ ಮರಳಿದ ಪರಿಣಾಮ; ಕಳೆದ ಬಾರಿ ಇದು ಸಂಭವಿಸಿದ್ದು 2019ರ ಏಪ್ರಿಲ್ 6ರಂದು.

ಮುಖ್ಯ ಕೊಂಡಿ ಬಿದ್ದಾಗ ಮಾತ್ರ ಉಸಿರುಗಟ್ಟುವ ಕೊಂಡಿ

ಸಾಮಾನ್ಯ ದಿನಗಳಲ್ಲಿ ಚೆನ್ನಾಗಿದ್ದು, ಮುಖ್ಯ ಕೊಂಡಿ ಬಿದ್ದ ಕೂಡಲೇ ನಿಧಾನವಾಗಿ ಕೊನೆಗೆ ನಿಂತೇ ಹೋಗುವ ನಿರ್ವಹಣಾ ಕೊಂಡಿಯಲ್ಲಿ ರೂಟರಿನ ಮಾರ್ಗಪಟ್ಟಿಯನ್ನು (ಯಾವ ದಟ್ಟಣೆ ಯಾವ ದಾರಿಯಲ್ಲಿ ಹೋಗಬೇಕೆಂಬ ಪಟ್ಟಿ) ತೆರೆದು ನೋಡಬೇಕು. ರೂಟರ್ ತನ್ನ ಡೀಫಾಲ್ಟ್ ಮಾರ್ಗವನ್ನು ಉಪಗ್ರಹದ ಕಡೆಗೆ ತಿರುಗಿಸಿ ಬಳಕೆದಾರರ ಸಮಸ್ತ ದಟ್ಟಣೆಯನ್ನೂ ಅದರೊಳಗೆ ಸುರಿದಿರುತ್ತದೆ. ನಿರ್ವಹಣಾ ಕೊಂಡಿಗೆ ಪ್ರತ್ಯೇಕ ವಿಆರ್‌ಎಫ್ (ಒಂದೇ ರೂಟರಿನೊಳಗೆ ಬೇರೆಯಾಗಿಟ್ಟ ಮಾರ್ಗಪಟ್ಟಿ) ಇರಬೇಕು, ಮತ್ತು ಅದರೊಳಗೆ ನಿಯಂತ್ರಣ ಕೊಠಡಿಯ ವಿಳಾಸಗಳಿಗಷ್ಟೇ ಮಾರ್ಗವಿರಬೇಕು. ದಟ್ಟಣೆಯ ಮೂಲ ಬಳಕೆದಾರರಲ್ಲದಿದ್ದರೆ ಲಾಗ್‌ಗಳನ್ನು ನೋಡಬೇಕು: ಮುಖ್ಯ ಕೊಂಡಿ ಬಿದ್ದೆದ್ದಾಗ ಪ್ರತಿಯೊಂದು ಪೋರ್ಟೂ ಸಿಸ್‌ಲಾಗ್ ಸಂದೇಶಗಳ ಮಳೆ ಸುರಿಸುತ್ತದೆ. ಸಾಮಾನ್ಯ ನಿಗಾ ಕೂಡ ಕೂಡುತ್ತ ಹೋಗುತ್ತದೆ. ಒಂದು ಬಾರಿಗೆ 20 ಕಿಲೋಬೈಟ್ ತೆಗೆದುಕೊಳ್ಳುವ ವಿಚಾರಣೆಯನ್ನು 5 ನಿಮಿಷಕ್ಕೊಮ್ಮೆ ನಡೆಸಿದರೆ 30 ದಿನಗಳಲ್ಲಿ ಸುಮಾರು 173 ಮೆಗಾಬೈಟ್ ಆಗುತ್ತದೆ. ಮಿತಿಯುಳ್ಳ ಚಂದಾದಲ್ಲಿ ತಿಂಗಳ ಕೊನೆಯ ವಾರವೇ ಕೊಂಡಿ ಸಾಯುತ್ತಿದ್ದರೆ ಕಾರಣ ಇದೇ ಇರಬಹುದು.

ದುರಸ್ತಿ ಮಾಡುವಾಗ ಮತ್ತು ಅನಂತರ

ಸಂರಚನೆಯನ್ನು ಉಪಗ್ರಹ ಕೊಂಡಿಯ ಮೂಲಕವೇ ತಿದ್ದಬೇಕಾದಾಗ, ತಿದ್ದುಪಡಿಯನ್ನು ದೃಢಪಡಿಸದಿದ್ದರೆ ತಾನಾಗಿ ಹಿಂದಿನ ಸ್ಥಿತಿಗೆ ಮರಳುವ ಸೌಲಭ್ಯವನ್ನು ಕಡ್ಡಾಯವಾಗಿ ಬಳಸಬೇಕು. ಜುನಿಪರ್ ಸಾಧನಗಳಲ್ಲಿ ಕಮಿಟ್ ಕನ್ಫರ್ಮ್ಡ್ ಆಜ್ಞೆ, ಬೇರೆ ಅವಧಿ ಹೇಳದಿದ್ದರೆ, 10 ನಿಮಿಷ ಕಾಯುತ್ತದೆ. ಸಿಸ್ಕೊ ಸಾಧನಗಳಲ್ಲಿ ರೀಲೋಡ್ ಇನ್ ಆಜ್ಞೆಯನ್ನು ಮೊದಲು ಕೊಟ್ಟು, ತಿದ್ದಿದ್ದನ್ನು ಉಳಿಸದೆ ಪರೀಕ್ಷಿಸಿ, ಸರಿಯಿದ್ದರೆ ಆ ಮರುಚಾಲನೆಯನ್ನು ರದ್ದುಗೊಳಿಸಿ ಉಳಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ಸ್ಥಳಕ್ಕೇ ಹೋಗಬೇಕಾಗಿ ಬಂದರೆ, ಮೇಲಿನ ಸಾಕ್ಷ್ಯಗಳ ಆಧಾರದ ಮೇಲೆ ಹೋಗುವವರ ಕೈಗೆ ಕೊಡುವ ಸಾಮಾನು ನಿರ್ಧಾರವಾಗಲಿ. ಸಾಕ್ಷ್ಯ ಏನೇ ಹೇಳಿದರೂ ಕನೆಕ್ಟರ್ ಹಚ್ಚಿ ಪರೀಕ್ಷಿಸಿದ ಒಂದು ಬದಲಿ ಕೇಬಲ್, ಒಂದು ಬದಲಿ ವಿದ್ಯುತ್ ಪರಿವರ್ತಕ ಮತ್ತು ನಾಣ್ಯ ಬ್ಯಾಟರಿ ಜೊತೆಗಿರಬೇಕು. ಅವರು ಸ್ಥಳ ಬಿಡುವ ಮೊದಲು, ಕೆಟ್ಟ ಭಾಗವನ್ನು ಮರಳಿ ಜೋಡಿಸಿದಾಗ ದೋಷ ಮರುಕಳಿಸುತ್ತದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ಹಾಗೆ ಮಾಡದಿದ್ದರೆ ಭಾಗವನ್ನು ಬದಲಿಸಿದ್ದರಿಂದ ಸರಿಹೋಯಿತೋ ಬಿಚ್ಚಿ ಜೋಡಿಸಿದ್ದರಿಂದ ಸರಿಹೋಯಿತೋ ಎಂಬ ಸಂಶಯ ಉಳಿಯುತ್ತದೆ.

ದುರಸ್ತಿ ಮುಗಿಯಿತೆಂದು ದಾಖಲಿಸಬೇಕಾದರೆ ಒಂದು ಪರೀಕ್ಷೆ ಆಗಲೇಬೇಕು. ದಟ್ಟಣೆ ಕಡಿಮೆ ಇರುವ ಹೊತ್ತಿನಲ್ಲಿ, ಪೂರ್ವ ಸೂಚನೆ ಕೊಟ್ಟು, ತಾನಾಗಿ ಮರಳುವ ಟೈಮರ್ ಇಟ್ಟು, ಮುಖ್ಯ ಕೊಂಡಿಯನ್ನು ಅರ್ಧ ಗಂಟೆ ಉದ್ದೇಶಪೂರ್ವಕವಾಗಿ ನಿಲ್ಲಿಸಬೇಕು. ಆ ಅವಧಿಯಲ್ಲಿ ಉಪಗ್ರಹದ ಮೂಲಕ ಮಾತ್ರ ಲಾಗಿನ್ ಮಾಡಿ, ರೆಕ್ಟಿಫೈಯರಿನ ವೋಲ್ಟೇಜ್ ಓದಿ, ಸಂರಚನೆಯ ಪೂರ್ಣ ಪ್ರತಿಯನ್ನು ಇಳಿಸಿಕೊಂಡು, ಕೇಂದ್ರದ ಗಡಿಯಾರವನ್ನು ನಿಯಂತ್ರಣ ಕೊಠಡಿಯ ಗಡಿಯಾರದೊಂದಿಗೆ ಹೋಲಿಸಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ದೋಷದ ಕಡತವನ್ನು ಮುಚ್ಚಬಾರದು.